ಅಂಗಡಿಯವರು ಒಳಗಿದ್ದಾರೆ

ಮಾರ್ಚ್ ೪, ಸೋಮವಾರ

ಸಕಲ ಚರಾಚರಗಳಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇಂದು ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ನಾನು ಒಂದು ಅರ್ಧವಿರಾಮ ಹಾಕಿದೆ. ಎಲ್ಲಿಯೂ ವಾದ್ಯ ಮೊಳಗಲಿಲ್ಲ. ಎದುರಿನ ಕಿಟಕಿಯ ಬೆಕ್ಕು ಮಾತ್ರ ತಲೆಯೆತ್ತಿ ನೋಡಿ ಮತ್ತೆ ಮಲಗಿತು.

ಮೂವತ್ತೊಂದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವನಿಗೆ ಅರ್ಧವಿರಾಮ ಯಾವ ಮಹಾ ಸಾಧನೆ ಎಂದು ಕೇಳಬಹುದು. ಅವೆಲ್ಲ ಕಂಡವರ ಬರಹದಲ್ಲಿ ಹಾಕಿದವು. ಇದು ಜಾವಾಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ, ಅಣ್ಣನ ಕಂಪ್ಯೂಟರಿನಲ್ಲಿ, ನಾನೇ ಕೈಯಾರೆ ಹಾಕಿದ್ದು. ವೆಬ್ ಪುಟಕ್ಕೆ ಜೀವ ತುಂಬುವ ಭಾಷೆ ಎಂದು ಪಠ್ಯಪುಸ್ತಕದ ಬೆನ್ನ ಮೇಲೆ ಬರೆದಿದೆ. ನನಗೆ ಜೀವ ತುಂಬುವ ಆಸೆ ಇಲ್ಲ. ಒಂದು ಸಾಲನ್ನು ಸಾಯಿಸಿದರೆ ಸಾಕು.

ಅಣ್ಣನದು ಕನ್ನಡಕದಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಗಿರಾಕಿಗಳು ಹೆಸರು ಒತ್ತಿದರೆ ಅವರ ಕಣ್ಣಿನ ನಂಬರು ಕಾಣುವಂತೆ ಅವನೇ ಕೂತು ಒಂದು ಪುಟ ಕಟ್ಟಿದ್ದ. ಪುಟದ ನೆತ್ತಿಯ ಮೇಲೆ ಒಂದು ಸಾಲು: ಅಂಗಡಿಯವರು ಒಳಗಿದ್ದಾರೆ, ಬನ್ನಿ. ಹೊರಗೆ ಹೋಗುವಾಗ ಅದನ್ನು ಬದಲಾಯಿಸಿ ಹೋಗುತ್ತಿದ್ದ. ನವೆಂಬರ್ ಹದಿನಾರರ ಸಂಜೆ ನಾಲ್ಕಕ್ಕೆ "ಈಗ ಬಂದೆ" ಅಂದು ಹೊರಟವನು ಬದಲಾಯಿಸಲಿಲ್ಲ. ಬರಲೂ ಇಲ್ಲ. ಕನ್ನಡಕವನ್ನು ಕೌಂಟರಿನ ಮೇಲೆ ಮಡಿಸಿಟ್ಟು ಹೋಗಿದ್ದ. ಬಲಗಣ್ಣು ಮೈನಸ್ ಎರಡೂಕಾಲು, ಎಡಗಣ್ಣು ಮೈನಸ್ ಮೂರು. ಅದಿಲ್ಲದಿದ್ದರೆ ದೀಪದ ಕಂಬಕ್ಕೂ ಚೆನ್ನಾಗಿದ್ದೀರಾ ಎಂದು ಕೇಳುವ ಮನುಷ್ಯ, ಅದನ್ನು ಬಿಟ್ಟು ಎಲ್ಲಿಗೆ ಹೋದ?

ಪೊಲೀಸಿನವರು ದೂರು ಬರೆದುಕೊಂಡರು. "ತಾವಾಗಿ ಹೋದ್ರಾ, ಏನಾದ್ರೂ ಆಗಿದೆಯಾ?" ಎಂದು ಕೇಳಿದರು. ಆ ಕಲಂ ಇವತ್ತಿಗೂ ಖಾಲಿ.

ಒಂಟಿಗ, ನಿವೃತ್ತ, ಹೇಳುವವರು ಕೇಳುವವರು ಇಲ್ಲದವನು ನಾನು. ಬಂದು ಅಂಗಡಿಯಲ್ಲಿ ಕೂತೆ. ಸ್ಕ್ರೂ ಬಿಗಿ ಮಾಡುವುದು (ಅಣ್ಣನ ಹಾಗೆ ತುಟಿಯಲ್ಲಿ ಕಚ್ಚಿಕೊಂಡು ಎಡಗೈಯಲ್ಲಲ್ಲ, ಬಲಗೈಯಲ್ಲಿ), ಕಣ್ಣಿನ ಯಂತ್ರ ಕಕ್ಕಿದ ಚೀಟಿಯನ್ನು ಲೆನ್ಸ್ ಕಾರ್ಖಾನೆಗೆ ಕಳಿಸುವುದು, ಇಷ್ಟು ಬರುತ್ತದೆ. ಪುಟ ಮಾತ್ರ ದಿನಾ ಅಣ್ಣ ಒಳಗಿದ್ದಾನೆ ಎನ್ನುತ್ತಿದೆ. ಅದನ್ನು ನಂಬಿ ಜನ ಬರುತ್ತಾರೆ. ಬಾಗಿಲ ಗಂಟೆ ಬಾರಿಸುತ್ತದೆ. ಬಾರಿಸಿದಾಗಲೆಲ್ಲ ಅತ್ತಿಗೆ ಒದ್ದೆ ಕೈಯಲ್ಲೇ ಅಡುಗೆಮನೆಯಿಂದ ಓಡಿಬರುತ್ತಾರೆ, ಬಂದವರ ಮುಖ ನೋಡುತ್ತಾರೆ, ವಾಪಸು ಹೋಗುತ್ತಾರೆ.

ನಿನ್ನೆ ಅಂದರು: "ಕರಡಿ, ಆ ಸಾಲೊಂದು ತೆಗೆದುಹಾಕಪ್ಪ. ಇಲ್ಲದವರನ್ನ ಇದ್ದಾರೆ ಇದ್ದಾರೆ ಅಂತ ಎಷ್ಟು ದಿನ ಹೇಳಿಸ್ಕೊಳ್ಳೋದು?"

ಕರಡು ತಿದ್ದುತ್ತಿದ್ದೆನೆಂದು ಅಣ್ಣ ಇಟ್ಟ ಅಡ್ಡಹೆಸರು ಕರಡಿ. ಅತ್ತಿಗೆ ಅದನ್ನು ನಗದೆ ಉಚ್ಚರಿಸಿದ್ದು ಇದೇ ಮೊದಲು.

ಮಾರ್ಚ್ ೬, ಬುಧವಾರ

ಕ್ಲಾಸಿಗೆ ಸೇರಿದೆ. ಟೈಲರ್ ಅಂಗಡಿಯ ಮಹಡಿ. ಕೆಳಗೆ ನಾಲ್ಕು ಹೊಲಿಗೆ ಯಂತ್ರಗಳು ಓಡುವುದರಿಂದ ವಿದ್ಯೆ ಅಂಗಾಲಿನಿಂದಲೇ ಏರುತ್ತದೆ. ಪಾಠ ಹೇಳುವ ಮೇಡಮ್ಮಿಗೆ ನನ್ನ ಬೆಲ್ಟಿಗಿಂತ ಕಡಿಮೆ ವಯಸ್ಸು. ಮೇಜಿನ ಮೇಲೆ ಐದು ಅಡುಗೆಮನೆ ಡಬ್ಬಿಗಳು.

"ವೇರಿಯಬಲ್ ಅಂದ್ರೆ ಡಬ್ಬಿ ಸರ್. ಮೇಲೆ ಹೆಸರು, ಒಳಗೆ ಬೆಲೆ. ಡಬ್ಬಿ ಏನು ಹಾಕಿದ್ರೂ ಇಟ್ಕೊಳ್ಳತ್ತೆ. ಆದ್ರೆ ಒಳಗಿರೋದಕ್ಕೆ ಬಗೆ ಇದೆ. ಉದ್ಧರಣ ಚಿಹ್ನೆ ಹಾಕಿ ಬರೆದ ಮಾತು ಸ್ಟ್ರಿಂಗ್. ಅಂಕಿ ಆದ್ರೆ ನಂಬರ್. ಹೌದು, ಇಲ್ಲ ಅನ್ನೋದು ಬೂಲಿಯನ್. ಟ್ರೂ, ಫಾಲ್ಸ್, ಎರಡೇ."

"'ನೋಡೋಣ' ಅನ್ನೋದಕ್ಕೆ ಯಾವ ಡಬ್ಬಿ ಮೇಡಂ?"

"ಅದು ಗಂಡಸರು ಮಾತ್ರ ಬಳಸೋದು ಸರ್. ಈ ಭಾಷೇಲಿ ಇಲ್ಲ."

ಹಿಂದಿನ ಬೆಂಚಿನ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ, ಗತಿಯಿಲ್ಲದೆ. ಉಳಿದೆರಡು ಡಬ್ಬಿಗಳ ಮೇಲೆ ಬಟ್ಟೆ ಮುಚ್ಚಿತ್ತು. ಅವು ಯಾವುವು ಎಂದರೆ, "ಮೊದಲು ಇವು ಅರಗಲಿ" ಅಂದರು.

ಮಾರ್ಚ್ ೭, ಗುರುವಾರ

ಅಣ್ಣನ ಕಡತ ತೆರೆದೆ. ಡಬ್ಬಿಗಳಿಗೆಲ್ಲ ಕನ್ನಡದಲ್ಲೇ ಹೆಸರಿಟ್ಟಿದ್ದಾನೆ, ಪುಣ್ಯಾತ್ಮ. ಅಲ್ಲಲ್ಲಿ ಸಾಲಿನ ಕೊನೆಗೆ ಎರಡು ಓರೆಗೆರೆ ಎಳೆದು ತಾರೀಖು, ಸಮಯ. ಆ ಗೆರೆಗಳ ಆಚೆಗಿರುವುದನ್ನು ಯಂತ್ರ ಓದುವುದಿಲ್ಲವಂತೆ, ಮನುಷ್ಯರಿಗೆ ಮಾತ್ರ. ಲೆನ್ಸ್ ಲಕೋಟೆಗಳ ಮೇಲೂ ಅವನು ಹೀಗೇ ಬರೆಯುತ್ತಿದ್ದ. ತಾರೀಖು ಮೊದಲು, ತಿಂಗಳು ಆಮೇಲೆ, ಗಂಟೆ ನಿಮಿಷಗಳ ನಡುವೆ ಚುಕ್ಕಿ.

ಒಂಬತ್ತನೇ ಸಾಲು ನಮ್ಮ ಶತ್ರು:

let ಒಳಗಿದ್ದೇನೆ = true;

ಟ್ರೂ ಹೊಡೆದು ಫಾಲ್ಸ್ ಎಂದು ಬರೆದೆ. ಒಂದು ಪದವನ್ನು ಹಾಗೆ ಬೆತ್ತಲೆಯಾಗಿ ನಿಲ್ಲಿಸಲು ಮೂವತ್ತೊಂದು ವರ್ಷದ ಕೈ ಒಪ್ಪಲಿಲ್ಲ. ಎರಡೂ ಬದಿಗೆ ಉದ್ಧರಣ ಚಿಹ್ನೆ ತೊಡಿಸಿದೆ:

let ಒಳಗಿದ್ದೇನೆ = "false";

ಚೆನ್ನಾಗಿ ಕಂಡಿತು. ಉಳಿಸಿದೆ, ಪುಟ ತೆರೆದೆ. ಅಂಗಡಿಯವರು ಒಳಗಿದ್ದಾರೆ, ಬನ್ನಿ.

ಯಂತ್ರ ಆರಿಸಿ ಹಚ್ಚಿದೆ. ಒಳಗಿದ್ದಾರೆ. ನನ್ನ ಫೋನಿನಲ್ಲಿ ನೋಡಿದೆ. ಒಳಗಿದ್ದಾರೆ, ಬನ್ನಿ. ಇಲ್ಲ ಎಂದು ನಾನು ಸ್ಪಷ್ಟವಾಗಿ ಬರೆದಿರುವಾಗ ಅದು ಇದ್ದಾರೆ ಎನ್ನುವುದಾದರೂ ಹೇಗೆ? ಹಿಂದೆ ತಿರುಗಿ ನೋಡಿದೆ. ಯಾಕೆ ನೋಡಿದೆನೋ ಗೊತ್ತಿಲ್ಲ. ಅಣ್ಣನ ಕುರ್ಚಿ, ಅದರ ಮೇಲೆ ನಾನೇ ಕೂತಿದ್ದೆ.

ಮಾರ್ಚ್ ೧೧, ಸೋಮವಾರ

ಲೆನ್ಸ್ ಕಾರ್ಖಾನೆಯಿಂದ ಫೋನು.

"ಸರ್, ನಿಮ್ಮ ಗಿರಾಕಿ ಡ್ರಾಯಿಂಗ್ ಮೇಷ್ಟ್ರಿಗೆ ಎಡಗಣ್ಣು ಎರಡು ಪಾಯಿಂಟ್ ಎರಡು ಐದು ಸೊನ್ನೆ ಪಾಯಿಂಟ್ ಎರಡು ಐದು ಅಂತ ಕಳ್ಸಿದ್ದೀರಿ. ಎರಡು ಚುಕ್ಕಿ ಇದೆ. ಇವರಿಗೆ ಕನ್ನಡಕ ಮಾಡ್ಲೋ, ದೂರದರ್ಶಕ ಮಾಡ್ಲೋ?"

ಅವರ ಹಳೆಯ ಎರಡೂಕಾಲಿಗೆ ಹೊಸದಾಗಿ ಏರಿದ ಕಾಲು ಕೂಡಿಸೆಂದು ಪುಟಕ್ಕೆ ಹೇಳಿದ್ದೆ. ಅಂಕಿಗೂ ಉದ್ಧರಣ ಚಿಹ್ನೆ ತೊಡಿಸಿದ್ದರಿಂದ ಅದು ಕೂಡಿಸುವ ಬದಲು ಪಕ್ಕಪಕ್ಕ ಅಂಟಿಸಿತ್ತು. ಚಿಹ್ನೆ ಕಿತ್ತೆ, ಎರಡೂವರೆ ಆಯಿತು. ಒಂಬತ್ತನೇ ಸಾಲಿಗೂ ಇದಕ್ಕೂ ಏನಾದರೂ ಸಂಬಂಧವಿರಬಹುದೇ ಎಂದು ಹೊಳೆಯುತ್ತಿತ್ತು, ಅಷ್ಟರಲ್ಲಿ ಗಂಟೆ ಬಾರಿಸಿತು. ಅತ್ತಿಗೆ ಓಡಿಬಂದರು. ಅಂಚೆಯವನು.

ಮಾರ್ಚ್ ೧೪, ಗುರುವಾರ

ಗಿರಾಕಿ ಇರಲಿಲ್ಲ. ಕಣ್ಣಿನ ಯಂತ್ರಕ್ಕೆ ಗದ್ದ ಕೊಟ್ಟು ನನ್ನ ಕಣ್ಣನ್ನೇ ನೋಡಿಕೊಂಡೆ. ಅದರೊಳಗೆ ಒಂದು ಚಿತ್ರವಿದೆ: ಬಯಲಿನ ನಡುವೆ ನೇರ ರಸ್ತೆ, ರಸ್ತೆಯ ತುದಿಯಲ್ಲಿ ಬಣ್ಣದ ಬಲೂನು. ನೀವು ಬಲೂನನ್ನು ನೋಡುತ್ತಿರಬೇಕು, ಅದು ನಿಮ್ಮನ್ನು ಅಳೆಯುತ್ತದೆ. ಚೀಟಿ ಬಂತು. ದೂರದ ನೋಟ ಸೊನ್ನೆ. ಓದಲು ನನ್ನ ಕಪ್ಪು ಫ್ರೇಮಿನ ಪ್ಲಸ್ ಒಂದೂವರೆಯೇ ಸಾಕು. ಐವತ್ತೆಂಟಕ್ಕೆ ಪ್ರಥಮ ದರ್ಜೆ.

ಅಣ್ಣನ ಕನ್ನಡಕ ಹಾಕಿ ನೋಡಿದೆ. ಲೋಕವೆಲ್ಲ ಬೆಂಕಿಪೆಟ್ಟಿಗೆಯಷ್ಟಾಗಿ ದೂರ ಓಡಿತು. ತಲೆ ತಿರುಗಿ ತೆಗೆದಿಟ್ಟೆ.

ಮಾರ್ಚ್ ೨೦, ಬುಧವಾರ

ಇವತ್ತು ಬಟ್ಟೆ ಮುಚ್ಚಿದ ಡಬ್ಬಿಗಳು.

ಮೇಡಂ ಒಂದರ ಮುಚ್ಚಳ ತೆಗೆದು ಬೋರಲು ಹಾಕಿದರು. ಏನೂ ಬೀಳಲಿಲ್ಲ. "ಇದು ಅನ್‌ಡಿಫೈನ್ಡ್. ಡಬ್ಬಿ ತಂದಿಟ್ರಿ, ಹೆಸರು ಬರೆದ್ರಿ, ಒಳಗೆ ಏನು ಹಾಕ್ಬೇಕು ಅಂತ ಇನ್ನೂ ಯೋಚಿಸಿಲ್ಲ."

ಎರಡನೆಯದನ್ನು ಬೋರಲು ಹಾಕಿದರು. ಒಂದು ಚೀಟಿ ಬಿತ್ತು. ಅದರಲ್ಲಿ ಅವರದೇ ಅಕ್ಷರ: ಏನೂ ಇಲ್ಲ.

"ಇದು ನಲ್. ಇದರಲ್ಲೂ ಏನೂ ಇಲ್ಲ. ಆದ್ರೆ ಏನೂ ಇಲ್ಲ ಅಂತ ಯಾರೋ ಯೋಚಿಸಿ, ಕೈಯಾರೆ ಬರೆದು ಹಾಕಿದ್ದಾರೆ. ಬರೀ ತಂದಿಟ್ಟ ಡಬ್ಬಿಯೊಳಗೆ ನಲ್ ತಾನಾಗಿ ಹುಟ್ಟಲ್ಲ ಸರ್. ಯಾರಾದ್ರೂ ಬರೀಬೇಕು."

ಕೆಳಗಿನ ಹೊಲಿಗೆ ಯಂತ್ರಗಳು ಒಟ್ಟಿಗೇ ನಿಂತವು. ಅಣ್ಣನ ಕಡತದ ಹತ್ತನೇ ಸಾಲು ಕಣ್ಣ ಮುಂದೆ ಬಂತು. ಅಲ್ಲಿದ್ದ ಆ ಪದವನ್ನು ಯಾವುದೋ ಲೆನ್ಸ್ ಕಂಪನಿಯ ಹೆಸರೆಂದು ನಾನು ಇಷ್ಟು ದಿನ ತಿಳಿದಿದ್ದೆ. ಮನೆಗೆ ಬಂದವನೇ ತೆರೆದೆ:

let ಮರಳುವ_ಹೊತ್ತು = null; // 16 ನವೆಂಬರ್, 3.50

ಹೊರಗೆ ಹೋಗುವಾಗ ಅವನು ಆ ಡಬ್ಬಿಯಲ್ಲಿ ಐದು ಗಂಟೆ, ಆರೂವರೆ ಎಂದು ಬರೆದಿಟ್ಟು ಹೋಗುತ್ತಿದ್ದ. ಅವತ್ತು, ಹೊರಡುವ ಹತ್ತು ನಿಮಿಷ ಮುಂಚೆ, ಏನೂ ಇಲ್ಲ ಎಂದು ಯೋಚಿಸಿ, ಕೈಯಾರೆ ಬರೆದಿದ್ದಾನೆ.

ಮಾರ್ಚ್ ೨೧, ಗುರುವಾರ

ಅತ್ತಿಗೆ ಕಾಫಿ ತಂದಿಟ್ಟು ಕೇಳಿದರು: "ಅದರೊಳಗೆ ಏನಾದ್ರೂ ಬರೆದಿಟ್ಟು ಹೋಗಿದ್ದಾರಾ?"

ಹುಡುಕ್ತಾ ಇದ್ದೀನಿ ಅಂದೆ.

ಮಾರ್ಚ್ ೨೨, ಶುಕ್ರವಾರ

ಬರೆದವರ ಮನಸ್ಸನ್ನು ಮುಟ್ಟಬಾರದು, ಕಾಗುಣಿತವನ್ನಷ್ಟೇ ಮುಟ್ಟಬೇಕು ಎಂಬುದು ನಮ್ಮ ಕಸುಬಿನ ಒಂದೇ ಕಟ್ಟಳೆ. ಮೂವತ್ತೊಂದು ವರ್ಷ ಪಾಲಿಸಿದೆ. ಎಂತೆಂಥ ಕೆಟ್ಟ ಕವಿತೆಗಳನ್ನೂ ಹಲ್ಲು ಕಚ್ಚಿ ಹಾಗೇ ಬಿಟ್ಟೆ. ಇವತ್ತು ಮುರಿದೆ. ಸಮ ಚಿಹ್ನೆ, ನಲ್, ತಾರೀಖು, ಮೂರನ್ನೂ ಅಳಿಸಿದೆ. ಉಳಿದದ್ದು:

let ಮರಳುವ_ಹೊತ್ತು;

ಅತ್ತಿಗೆಯನ್ನು ಕರೆದು ತೋರಿಸಿದೆ. "ನೋಡಿ ಅತ್ತಿಗೆ, ಖಾಲಿ ಬಿಟ್ಟಿದ್ದಾನೆ. ಯಾವಾಗ ಬರೋದು ಅಂತ ಇನ್ನೂ ತೀರ್ಮಾನ ಮಾಡಿರಲಿಲ್ಲ, ಅಷ್ಟೇ."

ಅತ್ತಿಗೆ ಪರದೆಯ ಹತ್ತಿರ ಬಾಗಿ ಆ ಸಾಲಿನ ಮೇಲೆ ಬೆರಳಿಟ್ಟರು, ಅಂಧರು ಓದುವ ಹಾಗೆ.

"ಹಾಗಾದ್ರೆ ಬಿಟ್ಟು ಹೋಗಿದ್ದಲ್ಲ."

"ಅಲ್ಲ."

"ನಿನಗೆ ಸುಳ್ಳು ಹೇಳೋಕೆ ಬರಲ್ಲ ಕರಡಿ. ಅದಕ್ಕೇ ನಂಬ್ತೀನಿ" ಅಂದರು. ಸಂಜೆ ಎರಡು ಚಪಾತಿ ಹೆಚ್ಚು ತಿಂದರು. ನಾನು ತಿನ್ನಲಿಲ್ಲ.

ಮಾರ್ಚ್ ೨೩, ಶನಿವಾರ

let ಮರಳುವ_ಹೊತ್ತು = null; // 23 ಮಾರ್ಚ್, 3.50

ನಾನು ಬರೆದದ್ದಲ್ಲ. ಮಧ್ಯಾಹ್ನ ಮೂರರಿಂದ ನಾಲ್ಕೂವರೆಯವರೆಗೆ ನಾನು ಇಲ್ಲೇ, ಈ ಕುರ್ಚಿಯ ಮೇಲೇ ಇದ್ದೆ. ಗಂಟೆ ಬಾರಿಸಲಿಲ್ಲ. ಅತ್ತಿಗೆ ಒಳಗೆ ಮಲಗಿದ್ದರು. ನಾನು ಸುಮ್ಮನೆ ಅಣ್ಣನ ಕನ್ನಡಕ ಹಾಕಿಕೊಂಡು ಬೀದಿ ನೋಡುತ್ತಿದ್ದೆ. ಈಗ ತಲೆ ತಿರುಗುವುದಿಲ್ಲ. ಎದುರು ಬೋರ್ಡಿನ ಸಣ್ಣ ಅಕ್ಷರಗಳೂ ಕಾಣುತ್ತವೆ, ಎರಡು ಕಾಗುಣಿತ ತಪ್ಪು ಸಿಕ್ಕವು.

ಮತ್ತೆ ಅಳಿಸಿದೆ.

ಮಾರ್ಚ್ ೨೭, ಬುಧವಾರ

ಕ್ಲಾಸಿನಲ್ಲಿ ಹೊಸ ವಿದ್ಯೆ. ಡಬ್ಬಿಯೊಳಗೆ ಯಾವ ಬಗೆಯದಿದೆ ಎಂದು ಭಾಷೆಯನ್ನೇ ಕೇಳಬಹುದು. ನಲ್ ಹಾಕಿ ಕೇಳಿದೆವು. 'ಆಬ್ಜೆಕ್ಟ್', ಅಂದರೆ ವಸ್ತು, ಎಂದಿತು.

"ಏನೂ ಇಲ್ಲ ಅನ್ನೋದು ವಸ್ತು ಹೇಗಾಗತ್ತೆ ಮೇಡಂ?"

"ತಪ್ಪು ಸರ್ ಅದು. ಭಾಷೆ ಹುಟ್ಟಿದಾಗಲೇ ಆದ ತಪ್ಪು. ಎಲ್ಲರಿಗೂ ಗೊತ್ತು."

"ಗೊತ್ತಿದ್ದೂ ತಿದ್ದಿಲ್ವಾ?" ನನ್ನ ದನಿ ಯಾಕೋ ಏರಿತು.

"ತಿದ್ದಿದ್ರೆ, ಅದನ್ನ ನಂಬ್ಕೊಂಡು ನಿಂತಿರೋದೆಲ್ಲ ಬಿದ್ದೋಗತ್ತೆ ಸರ್. ಅದಕ್ಕೆ ಹಾಗೇ ಬಿಟ್ಟಿದ್ದಾರೆ."

ಆಮೇಲೆ ಒಂಬತ್ತನೇ ಸಾಲು ತೋರಿಸಿದೆ. ಮೇಡಂ ಹಣೆ ಚಚ್ಚಿಕೊಂಡರು. "ಅಯ್ಯೋ ಸರ್, ಉದ್ಧರಣ ಚಿಹ್ನೆ ಹಾಕಿದ್ದೀರಿ, ಅದು ಬೂಲಿಯನ್ ಅಲ್ಲ, ಸ್ಟ್ರಿಂಗ್ ಆಯ್ತು. ಹೌದೋ ಅಲ್ವೋ ಅಂತ ನೋಡುವಾಗ ಒಳಗೆ ಏನು ಬರೆದಿದೆ ಅಂತ ಅದು ಓದಲ್ಲ. ಏನೋ ಬರೆದಿದೆ ಅಂತಷ್ಟೇ ನೋಡತ್ತೆ. ಏನೋ ಇದೆ, ಹಾಗಾದ್ರೆ ಹೌದು. ನೀವು ಇಲ್ಲ ಇಲ್ಲ ಅಂತ ಬರೆದಷ್ಟೂ ಅದು ಇದ್ದಾರೆ ಅನ್ನತ್ತೆ."

ಅಂದರೆ ಇಷ್ಟು ದಿನ ಅಣ್ಣನನ್ನು ಒಳಗಿಟ್ಟಿದ್ದು ನನ್ನದೇ ಎರಡು ಚಿಹ್ನೆ. ಭೂತವೂ ಇಲ್ಲ, ಪ್ರೇತವೂ ಇಲ್ಲ. ಕರಡು ತಿದ್ದುವವನ ಚಪಲ. ಮನೆಗೆ ಬಂದು, ನಗುತ್ತಲೇ ಅಳಿಸಲು ಕೂತೆ. ಗಂಟೆ ಬಾರಿಸಿತು. ಗಿರಾಕಿ. ನಾನು ಎರಡು ಸಲ ಕೆಮ್ಮಿ ಬನ್ನಿ ಅಂದೆ. ಅತ್ತಿಗೆಯ ಹೆಜ್ಜೆಗಾಗಿ ಕಿವಿಗೊಟ್ಟೆ. ಬರಲಿಲ್ಲ.

ಯಾಕೆ ಬರಲಿಲ್ಲ ಎಂದು ಆಮೇಲೆ ಕೇಳಿದೆ. "ನೀನು ಅವರ ಹಾಗೇ ಕೆಮ್ಮಿದೆ" ಅಂದರು. "ಅಂಗಡೀಲಿ ಅವರೇ ಇದ್ದಾರೆ ಅನ್ನಿಸ್ತು. ಮೊದಲನೇ ಸಲ, ಏಳಬೇಕು ಅನ್ನಿಸಲೇ ಇಲ್ಲ."

ಚಿಹ್ನೆಗಳನ್ನು ಇವತ್ತಿನ ಮಟ್ಟಿಗೆ ಹಾಗೇ ಬಿಟ್ಟೆ.

ಏಪ್ರಿಲ್ ೨, ಮಂಗಳವಾರ

ಕಣ್ಣು ನೋಡಿಕೊಂಡೆ. ಬಲ −1.00, ಎಡ −1.75. ಎರಡೂವರೆ ವಾರದ ಹಿಂದೆ ಸೊನ್ನೆ ಇತ್ತು. ಯಂತ್ರ ಕೆಟ್ಟಿದೆ ಎಂದು ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಅವರದೂ ಅದನ್ನೇ ಹೇಳಿತು.

"ಸಕ್ಕರೆ ಏರಿದ್ರೆ ಹೀಗಾಗತ್ತೆ" ಅಂದರು. ರಕ್ತ ಕೊಟ್ಟೆ. ಸಕ್ಕರೆ ಸರಿಯಾಗಿದೆ. ಹೇಗೂ ಈಚೆಗೆ ಅಣ್ಣನ ಹಾಗೆ ಕಾಫಿಗೆ ನಾನು ಸಕ್ಕರೆ ಹಾಕಿಕೊಳ್ಳುವುದಿಲ್ಲ.

ಯಂತ್ರದ ಚಿತ್ರದಲ್ಲಿ ಒಂದು ವಿಷಯ ಮೊದಲು ಗಮನಿಸಿರಲಿಲ್ಲ. ಬಲೂನಿನ ಕೆಳಗೆ, ರಸ್ತೆಯಲ್ಲಿ, ಒಬ್ಬ ಮನುಷ್ಯನಿದ್ದಾನೆ. ಬೆನ್ನು ಈ ಕಡೆ. ಆ ಹೆಗಲು ಅಣ್ಣನದೇ. ಅಕ್ಕಿಕಾಳಿನಷ್ಟು ಚಿಕ್ಕವನು. ಚಿತ್ರ ಬರೆದವನ ಚೇಷ್ಟೆ ಇರಬೇಕು.

5 ಏಪ್ರಿಲ್, 3.50

ಮುದ್ರಣಾಲಯದ ಹಳೆಯ ಜೊತೆಗಾರ ಅಂಗಡಿಯ ನಂಬರಿಗೆ ಫೋನು ಮಾಡಿದ.

"ಕರಡಿ ಇದ್ದಾನಾ?"

"ಇಲ್ಲ, ಹೊರಗೆ ಹೋಗಿದ್ದಾನೆ. ಬಂದ್ರೆ ಹೇಳ್ತೀನಿ."

ಫೋನು ಇಟ್ಟ ಮೇಲೆ, ಒಳ್ಳೆ ತಮಾಷೆ ಮಾಡಿದೆ ಅನ್ನಿಸಿತು. ನಗಬೇಕೆಂದರೆ ತುಟಿಯ ನಡುವೆ ಸ್ಕ್ರೂ ಇತ್ತು. ಎಡಗೈಯಿಂದ ತೆಗೆದು ಇಟ್ಟೆ.

ಹತ್ತನೇ ಸಾಲು ಮತ್ತೆ ನಲ್. ಅಳಿಸಲಿಲ್ಲ. ಬರೆದವರ ಮನಸ್ಸನ್ನು ಮುಟ್ಟಬಾರದು.

8 ಏಪ್ರಿಲ್, 3.50

ಡ್ರಾಯಿಂಗ್ ಮೇಷ್ಟ್ರು ಬಂದು ಕೈ ಹಿಡಿದುಕೊಂಡರು. "ಎಲ್ಲಿಗೆ ಹೋಗ್ಬಿಟ್ರಿ ಸ್ವಾಮಿ, ಅಷ್ಟು ದಿನ? ನಿಮ್ಮ ತಮ್ಮ ನನ್ನ ಕಣ್ಣಿಗೆ ದೂರದರ್ಶಕ ಕಟ್ಟಿಸೋಕೆ ಹೊರಟಿದ್ದ!"

ಇಬ್ಬರೂ ನಕ್ಕೆವು. ಅವನು ಹಾಗೇ, ಅಂಕಿ ಕಂಡರೆ ಆಗದು.

ಅತ್ತಿಗೆ ಒಳಬಾಗಿಲ ಪರದೆಯ ಆಚೆ ನಿಂತು ಕೇಳಿಸಿಕೊಳ್ಳುತ್ತಿದ್ದಳು.

11 ಏಪ್ರಿಲ್, 3.50

ಕೌಂಟರಿನ ಮೇಲೆ ಈ ನೋಟುಪುಸ್ತಕ ಸಿಕ್ಕಿತು. ತಮ್ಮನದು. ಬೇರೆಯವರ ದಿನಚರಿ ಓದಬಾರದು, ಎರಡು ಸಾಲು ನೋಡಿ ಮುಚ್ಚಿದೆ. ಅರ್ಧವಿರಾಮದ ಬಗ್ಗೆ ಏನೋ ಡಂಗುರ ಸಾರಿದ್ದಾನೆ. ಅವನ ಬುದ್ಧಿ ಗೊತ್ತಲ್ಲ.

ಕಣ್ಣು ನೋಡಿಕೊಂಡೆ. −2.25, −3.00. ಇದ್ದ ಹಾಗೇ ಇದೆ. ಯಂತ್ರದೊಳಗಿನ ರಸ್ತೆಯಲ್ಲಿ ಒಬ್ಬ ತಡವರಿಸುತ್ತ ನಡೆದುಹೋಗುತ್ತಿದ್ದ. ಹಿಂದಿನಿಂದ ನಮ್ಮ ತಮ್ಮನ ಹಾಗೆ ಕಂಡ. ಕರೆಯೋಣವೆಂದರೆ ಗಾಜು.

ಪುಟ ತೆರೆದು ನೋಡಿದೆ. ಅಂಗಡಿಯವರು ಒಳಗಿದ್ದಾರೆ, ಬನ್ನಿ. ಸರಿಯಾಗಿದೆ. ಒಂಬತ್ತನೇ ಸಾಲಿನಲ್ಲಿ ಯಾರೋ ಬೇಡದ ಚಿಹ್ನೆ ಹಾಕಿದ್ದಾರೆ. ತೆಗೆಯಲಿಲ್ಲ. ಅದನ್ನು ನಂಬಿಕೊಂಡು ನಿಂತಿರುವವರಿದ್ದಾರೆ.

ಗಂಟೆ ಬಾರಿಸಿತು. ಒಳಗಿನಿಂದ ಅವಳು ಓಡಿಬರಲಿಲ್ಲ. ಪಾತ್ರೆಯ ಸದ್ದು ಒಂದು ಕ್ಷಣ ನಿಂತಿತು, ಅಷ್ಟೇ.

"ರೀ, ಯಾರು ಬಂದ್ರು ನೋಡಿ" ಅಂದಳು.

ನೋಡಿದೆ. ಯಾರೂ ಇರಲಿಲ್ಲ.

ಕ್ಲಾಸಿಗೆ ಹೋಗುತ್ತೇನೆ ಎಂದು ಹೊರಟ ತಮ್ಮ ಇನ್ನೂ ಬಂದಿಲ್ಲ. ತಾನಾಗಿ ಹೋದನೋ, ಏನಾಯಿತೋ. ಬರುವ ಹೊತ್ತನ್ನೂ ಬರೆದಿಟ್ಟಿಲ್ಲ. ಓದುವ ಕನ್ನಡಕವನ್ನು ಇಲ್ಲೇ ಮಡಿಸಿಟ್ಟು ಹೋಗಿದ್ದಾನೆ. ಎರಡೂ ಕಣ್ಣಿಗೆ +1.50, ಕಪ್ಪು ಫ್ರೇಮು. ಎಡಗಡೆಯ ಕಡ್ಡಿಯ ಸ್ಕ್ರೂ ಸಡಿಲವಿತ್ತು, ಬಿಗಿ ಮಾಡಿ, ಗಾಜು ಒರೆಸಿ, ಲಕೋಟೆಯಲ್ಲಿ ಹಾಕಿಟ್ಟಿದ್ದೇನೆ.

ಇದನ್ನು ಓದುತ್ತಿರುವವರಿಗೆ ಅವನು ಎಲ್ಲಾದರೂ ಕಂಡರೆ, ದಯವಿಟ್ಟು ಬಂದು ತೆಗೆದುಕೊಂಡು ಹೋಗಲು ಹೇಳಿ. ಬಾಗಿಲನ್ನು ಎಳೆಯುವುದು ಬೇಡ, ತಳ್ಳಬೇಕು.